ಆಟದ ನಾಯಕಿಗೆ ಯಾರ ಮುಖ?

2025ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಒಂದು ಹೆಸರು ಪ್ರಕಟಿಸಿತು. ಫೀಬಿ ವಾಲರ್-ಬ್ರಿಜ್ ಬರೆಯುತ್ತಿರುವ ‘ಟೂಮ್ ರೇಡರ್’ ಸರಣಿಯಲ್ಲಿ ಲಾರಾ ಕ್ರಾಫ್ಟ್ ಆಗುವವರು ಸೋಫಿ ಟರ್ನರ್. ‘ಗೇಮ್ ಆಫ್ ಥ್ರೋನ್ಸ್’ ನೋಡಿದವರಿಗೆ ಸಾನ್ಸಾ ಸ್ಟಾರ್ಕ್ ಎಂದರೆ ಥಟ್ಟನೆ ಗೊತ್ತಾಗುತ್ತದೆ. ಚಿತ್ರೀಕರಣ ಶುರುವಾಗಲು ಇನ್ನೂ ತಿಂಗಳುಗಳಿದ್ದವು. ಲಾರಾಳ ವೇಷದಲ್ಲಿ ಆಕೆಯ ಒಂದು ಫೋಟೊ ಕೂಡ ಹೊರಬಂದಿರಲಿಲ್ಲ. ಆದರೂ ಎಡಕ್ಕೆ ಆಟದ ಲಾರಾ, ಬಲಕ್ಕೆ ಟರ್ನರ್ ಇರುವ ಜೋಡಿಚಿತ್ರಗಳು ಹರಿದಾಡಿದವು. ‘ಇವಳೇ ಸರಿ’ ಎನ್ನುವವರು ಒಂದು ಕಡೆ, ‘ಇವಳೆಲ್ಲಿಯ ಲಾರಾ’ ಎನ್ನುವವರು ಇನ್ನೊಂದು ಕಡೆ ಸೇರಿಕೊಂಡರು.

ಈ ಜಗಳಕ್ಕೆ ಕಾಲು ಶತಮಾನ ದಾಟಿದ ಇತಿಹಾಸವಿದೆ. ವಿಡಿಯೊ ಗೇಮಿನ ನಾಯಕಿಯನ್ನು ರಕ್ತಮಾಂಸದ ನಟಿಯೊಬ್ಬರು ಹೊತ್ತುಕೊಂಡಾಗಲೆಲ್ಲ ಅಭಿಮಾನಿಗಳು ಒಂದೇ ಬಗೆಯಲ್ಲಿ ಸಿಡಿದಿದ್ದಾರೆಯೇ? ಆ ಸಿಟ್ಟಿನಲ್ಲಿ ಕಿವಿಗೊಡಬೇಕಾದದ್ದೆಷ್ಟು, ಕಸದ ಬುಟ್ಟಿಗೆ ಹಾಕಬೇಕಾದದ್ದೆಷ್ಟು? ಒಂದಿಷ್ಟು ಪ್ರಕರಣಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ. ನನ್ನ ಅನಿಸಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಅಭಿಮಾನಿಗಳ ದೂರುಗಳಲ್ಲಿ ಸತ್ವವಿರುವವು ಇವೆ. ಆದರೆ ಅವು ಬಹುಪಾಲು ತಪ್ಪು ವಿಳಾಸಕ್ಕೆ ಹೋಗುತ್ತವೆ. ಕಥೆ ಬರೆದವರು, ಹಣ ಹಾಕಿದವರು, ಪಾತ್ರವನ್ನು ಕತ್ತರಿಸಿದವರು ಪಾರಾಗುತ್ತಾರೆ. ಪೋಸ್ಟರಿನ ಮೇಲೆ ಮುಖ ಇರುವ ಹೆಣ್ಣುಮಗಳು ಬೈಗುಳ ತಿನ್ನುತ್ತಾಳೆ.

ಲಾರಾಳಿಂದಲೇ ಶುರುಮಾಡಬೇಕು. ಇಂಗ್ಲೆಂಡಿನ ಡಾರ್ಬಿ ಊರಿನ ಕೋರ್ ಡಿಸೈನ್ ಎಂಬ ಸಣ್ಣ ಸ್ಟುಡಿಯೋದಲ್ಲಿ ಟೋಬಿ ಗಾರ್ಡ್ ಎಂಬ ಯುವಕ ಆಕೆಯ ರೂಪ ಬಿಡಿಸಿದ. ಮೊದಲು ಅದು ಗಂಡು ಪಾತ್ರವಾಗಿತ್ತು, ಆಮೇಲೆ ಹೆಣ್ಣಾಯಿತು, ಲಾರಾ ಕ್ರೂಸ್ ಎಂಬ ಹೆಸರು ಪಡೆಯಿತು, ಕಡೆಗೆ ಬ್ರಿಟಿಷ್ ಶ್ರೀಮಂತ ಮನೆತನದ ಲಾರಾ ಕ್ರಾಫ್ಟ್ ಆಗಿ ನೆಲೆನಿಂತಿತು. 1996ರಲ್ಲಿ ಆಟ ಬಂದಾಗ ಆಕೆಯ ಮುಖ ಕೆಲವೇ ತ್ರಿಕೋನಗಳ ಜೋಡಣೆ. ಹತ್ತಿರ ಹೋದರೆ ಮೂಗು ಚೂಪಾದ ಕಲ್ಲಿನ ಚೂರಿನಂತೆ ಕಾಣುತ್ತಿತ್ತು. ಮರುವರ್ಷ ಆಕೆ ಲಂಡನ್ನಿನ ‘ದ ಫೇಸ್’ ಪತ್ರಿಕೆಯ ಮುಖಪುಟಕ್ಕೇರಿದಳು, ‘ಯು2’ ಬ್ಯಾಂಡಿನ ಸಂಗೀತ ಕಾರ್ಯಕ್ರಮದ ಪರದೆಯ ಮೇಲೂ ಕಾಣಿಸಿಕೊಂಡಳು. ಮಾರಾಟ ವಿಭಾಗದವರು ಆಕೆಯ ಮೈಮಾಟವನ್ನೇ ಸರಕು ಮಾಡಿದ ರೀತಿ ಹಿಡಿಸದೆ ಗಾರ್ಡ್ 1997ರಲ್ಲಿ ಕಂಪನಿ ಬಿಟ್ಟರು. ಅಂದರೆ ಲಾರಾಳ ವಿಷಯದಲ್ಲಿ ಮೊದಲು ಮುನಿಸಿಕೊಂಡ ಅಭಿಮಾನಿ ಆಕೆಯನ್ನು ಸೃಷ್ಟಿಸಿದವನೇ.

ಸಿನಿಮಾ ಬರುವ ಮೊದಲೇ ಲಾರಾಳಿಗೆ ಜೀವಂತ ಮುಖಗಳಿದ್ದವು. ಪ್ರಕಾಶನ ಸಂಸ್ಥೆ ಐಡೋಸ್, ಪ್ರಚಾರ ಸಮಾರಂಭಗಳಿಗೆಂದು ಒಬ್ಬರಾದ ಮೇಲೊಬ್ಬರಂತೆ ಮಾಡೆಲ್‌ಗಳನ್ನು ನೇಮಿಸುತ್ತಿತ್ತು. ಅವರಲ್ಲಿ ರೋನಾ ಮಿತ್ರ ಎಂಬವರಿದ್ದರು. ತಂದೆಯ ಕಡೆಯಿಂದ ಬಂಗಾಳದ ನಂಟುಳ್ಳ ಹೆಸರು ಅದು. ನೆಲ್ ಮೆಕ್‌ಆಂಡ್ರೂ ಎಂಬವರು 1999ರಲ್ಲಿ ‘ಪ್ಲೇಬಾಯ್’ಗೆ ಪೋಸ್ ಕೊಟ್ಟರೆಂದು ಕಂಪನಿ ಅವರನ್ನು ಕೈಬಿಟ್ಟಿತು. ಲಾರಾಳ ಹೆಸರಿಗೆ ಕಳಂಕ ಬರುತ್ತದೆ ಎಂಬ ಚಿಂತೆ, ಲಾರಾಳನ್ನು ಅದೇ ಧಾಟಿಯಲ್ಲಿ ಮಾರುತ್ತಿದ್ದ ಕಂಪನಿಗೆ! ಮುಂದೆ ನಟಿಯರ ಮೇಲೆ ಅಭಿಮಾನಿಗಳು ಹೇರಿದ ವಿಚಿತ್ರ ನಿಯಮ ಇಲ್ಲೇ ಹುಟ್ಟಿದ್ದು: ಮೈ ಇರಬೇಕು, ಆದರೆ ಆ ಮೈ ನಮ್ಮ ಹತೋಟಿಯಲ್ಲಿರಬೇಕು.

2001ರ ಜೂನ್‌ನಲ್ಲಿ ಸೈಮನ್ ವೆಸ್ಟ್ ನಿರ್ದೇಶನದ ಚಿತ್ರ ಬಂತು, ಏಂಜೆಲಿನಾ ಜೋಲಿ ನಾಯಕಿ. ಈಗ ಹಿಂತಿರುಗಿ ನೋಡುವವರಿಗೆ ‘ಜೋಲಿಯೇ ಲಾರಾ, ಲಾರಾಳೇ ಜೋಲಿ’ ಅನ್ನಿಸಬಹುದು. ಆಗ ಹಾಗಿರಲಿಲ್ಲ. ಅಮೆರಿಕದವಳು ಬ್ರಿಟಿಷ್ ಪಾತ್ರ ಮಾಡುವುದೇ ಎಂಬ ಗೊಣಗಾಟವಿತ್ತು. ಆಕೆಯ ಹಚ್ಚೆ, ಮದುವೆ, ಖಾಸಗಿ ಬದುಕಿನ ಸುದ್ದಿಗಳು ‘ಲೇಡಿ ಕ್ರಾಫ್ಟ್’ಗೆ ಒಗ್ಗುವುದಿಲ್ಲ ಎಂಬ ತಕರಾರಿತ್ತು. ದೇಹದ ಅಳತೆಯ ಮಾತಂತೂ ಪತ್ರಿಕಾ ಸಂದರ್ಶನಗಳಲ್ಲೇ ನಡೆಯಿತು. ಆಟದ ಲಾರಾಳ ಅಳತೆಗೆ ಹತ್ತಿರ ಬರಲು ಪ್ಯಾಡ್ ಇಟ್ಟುಕೊಂಡಿದ್ದನ್ನು ಜೋಲಿಯೇ ಹೇಳಬೇಕಾಯಿತು. ಆಗಷ್ಟೇ ಆಸ್ಕರ್ ಗೆದ್ದಿದ್ದ ನಟಿಗೆ ಪತ್ರಕರ್ತರು ಕೇಳಿದ್ದು ಆ ಪ್ರಶ್ನೆ!

ಹದಿನೇಳು ವರ್ಷಗಳ ನಂತರ ಅದೇ ಪಾತ್ರಕ್ಕೆ ಸ್ವೀಡನ್ನಿನ ಅಲಿಸಿಯಾ ವಿಕಾಂಡರ್ ಬಂದರು. ಅವರೂ ಪೋಷಕ ನಟಿಯ ಆಸ್ಕರ್ ಪಡೆದವರೇ. 2018ರ ಈ ಚಿತ್ರ 2013ರಲ್ಲಿ ಹೊಸದಾಗಿ ಕಟ್ಟಿದ ಆಟವನ್ನು ಆಧರಿಸಿತ್ತು. ರಿಯಾನಾ ಪ್ರಾಚೆಟ್ ಬರೆದ ಆ ಆಟದಲ್ಲಿ ಲಾರಾ ಇಪ್ಪತ್ತೊಂದರ ಹುಡುಗಿ. ಹಡಗು ಒಡೆದು ದ್ವೀಪಕ್ಕೆ ಬಂದು ಬಿದ್ದವಳು. ಚಡ್ಡಿಯ ಬದಲು ಪ್ಯಾಂಟು, ಮೈತುಂಬ ಗಾಯ. ವಿಕಾಂಡರ್ ಈ ಲಾರಾಳಿಗೆ ತಕ್ಕಂತೆ ತಿಂಗಳುಗಟ್ಟಲೆ ತಾಲೀಮು ಮಾಡಿ ಸ್ನಾಯು ಬೆಳೆಸಿದರು. ಆದರೆ ಚಿತ್ರ ಬಿಡುಗಡೆಯಾದ ವಾರ ಟ್ವಿಟರ್‌ನಲ್ಲಿ ನಡೆದ ಚರ್ಚೆ ಆಕೆಯ ಎದೆಯ ಗಾತ್ರದ್ದು. ‘ನಮ್ಮ ಲಾರಾ ಹೀಗಿರಲಿಲ್ಲ’ ಎಂದವರು ನೆನಪಿಸಿಕೊಳ್ಳುತ್ತಿದ್ದುದು 1996ರ ತ್ರಿಕೋನಗಳ ಲಾರಾಳನ್ನು. ಐದು ವರ್ಷಗಳ ಹಿಂದೆಯೇ ಆಟದ ಕಂಪನಿಯೇ ಆಕೆಯ ರೂಪ ಬದಲಿಸಿದ್ದು ಅವರಿಗೆ ಲೆಕ್ಕಕ್ಕಿರಲಿಲ್ಲ. ಒಂದು ಸಮಾಧಾನವೆಂದರೆ, ಈ ಸಲ ಅಂಥವರಿಗೆ ಉತ್ತರ ಕೊಟ್ಟವರಲ್ಲಿ ಅದೇ ಆಟಗಳನ್ನು ಆಡಿ ಬೆಳೆದ ಹೆಂಗಸರೂ ಬಹಳ ಮಂದಿ ಇದ್ದರು. ಪೋಸ್ಟರಿನಲ್ಲಿ ಆಕೆಯ ಕತ್ತು ಜಿರಾಫೆಯಂತೆ ಉದ್ದವಾಗಿ ಕಂಡದ್ದನ್ನು ಎಲ್ಲರೂ ಸೇರಿ ನಕ್ಕರು. ಅದು ನ್ಯಾಯವಾದ ನಗು. ಫೋಟೊ ತಿದ್ದಿದವನಿಗೆ ಸಲ್ಲಬೇಕಾದದ್ದು.

ಗಲ್ಲಾಪೆಟ್ಟಿಗೆ ಏನು ಹೇಳಿತು? 2001ರ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 27 ಕೋಟಿ 40 ಲಕ್ಷ ಡಾಲರ್‌ಗೂ ಸ್ವಲ್ಪ ಹೆಚ್ಚು. 2018ರ ಚಿತ್ರ ಗಳಿಸಿದ್ದೂ ಅಷ್ಟೇ. ಹಣದುಬ್ಬರ ಲೆಕ್ಕ ಹಾಕಿದರೆ ಜೋಲಿಯ ಕೈ ಮೇಲಾಗುತ್ತದೆ, ನಿಜ. ಆದರೆ 2003ರಲ್ಲಿ ಅದೇ ಜೋಲಿ, ಅದೇ ಮೈಕಟ್ಟು ಇದ್ದ ಎರಡನೆಯ ಚಿತ್ರ ಸುಮಾರು 16 ಕೋಟಿ ಡಾಲರಿಗೇ ನಿಂತಿತು. ಮೈಕಟ್ಟಿಗೂ ಟಿಕೆಟ್ಟಿಗೂ ನೇರ ನಂಟಿದೆ ಎಂಬ ವಾದ ಇಲ್ಲಿಗೆ ಮುಗಿಯಬೇಕಿತ್ತು.

ಗೇಮಿನ ನಾಯಕಿಯ ವಿಷಯದಲ್ಲೇ ಈ ಪರಿಯ ಹಟ ಏಕೆ? ಕಾದಂಬರಿಯ ನಾಯಕಿಗೆ ಓದುಗನಿಗೊಂದು ಮುಖ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ಓದಿದ ಸಾವಿರ ಜನರ ಮನಸ್ಸಿನಲ್ಲಿ ಸಾವಿರ ಕಾವೇರಿಯರಿದ್ದರು, 1971ರಲ್ಲಿ ಪುಟ್ಟಣ್ಣನವರ ಚಿತ್ರದಲ್ಲಿ ಕಲ್ಪನಾ ಬಂದ ಮೇಲೆ ಅವರೆಲ್ಲ ಒಬ್ಬಳಾದರು. ಗೇಮಿನಲ್ಲಿ ಇದು ತಿರುಗಾಮುರುಗಾ. ಆಡಿದವರೆಲ್ಲ ಕಂಡಿರುವುದು ಒಂದೇ ಮುಖ, ಒಂದೇ ನಡಿಗೆ, ಒಂದೇ ದನಿ. ಹೊಸ ನಟಿ ಬಂದಾಗ ಇರುವ ಮುಖವನ್ನು ಅಳಿಸಿದಂತೆ ಅನ್ನಿಸುತ್ತದೆ. ಇನ್ನೊಂದು ಕಾರಣವೂ ಇದೆ. ಸಿನಿಮಾದ ನಾಯಕಿ ಕಂದಕ ಹಾರುವಾಗ ನಾವು ನೋಡುತ್ತೇವೆ. ಆಟದ ನಾಯಕಿ ಹಾರುವುದು ನಮ್ಮ ಹೆಬ್ಬೆರಳು ಗುಂಡಿ ಒತ್ತಿದಾಗ. ತಪ್ಪಿದರೆ ಸಾಯುವುದು ಆಕೆ, ತಪ್ಪು ನಮ್ಮದು. ಹತ್ತು ಹದಿನೈದು ಗಂಟೆ ಹೀಗೆ ಜೊತೆಯಾಗಿ ಬಿದ್ದೆದ್ದವರಿಗೆ ‘ಅವಳು ನನಗೆ ಗೊತ್ತು’ ಅನ್ನಿಸುವುದು ಸುಳ್ಳಲ್ಲ. ಈ ನಂಟನ್ನು ಬಾಲಿಶ ಎಂದು ತಳ್ಳಿಹಾಕುವ ವಿಮರ್ಶಕರು ಆಟವನ್ನೇ ಆಡದವರು ಎಂಬುದು ನನ್ನ ಗುಮಾನಿ.

ತೊಂಬತ್ತರ ದಶಕದ ಚಿತ್ರಗಳಿಗೆ ಈ ತಾಪತ್ರಯ ಅಷ್ಟಾಗಿ ತಟ್ಟಲಿಲ್ಲ. 1994ರ ‘ಸ್ಟ್ರೀಟ್ ಫೈಟರ್’ನಲ್ಲಿ ಮಿಂಗ್-ನಾ ವೆನ್ ಚುನ್-ಲೀ ಆದರು, ಗಾಯಕಿ ಕೈಲೀ ಮಿನೋಗ್ ಕ್ಯಾಮಿ ಆದರು. ಮರುವರ್ಷದ ‘ಮಾರ್ಟಲ್ ಕಾಂಬ್ಯಾಟ್’ನಲ್ಲಿ ಬ್ರಿಜೆಟ್ ವಿಲ್ಸನ್ ಸೋನ್ಯಾ ಬ್ಲೇಡ್. ಆಟದಲ್ಲಿ ಅವರೆಲ್ಲ ಬೆರಳುದ್ದದ ಬೊಂಬೆಗಳು, ಒದೆಯುವುದು ಬಿಟ್ಟರೆ ಮಾತುಕತೆ ಕಡಿಮೆ. ಹೋಲಿಸಲು ಮುಖವೇ ಸರಿಯಾಗಿ ಇರಲಿಲ್ಲ. 2009ರಲ್ಲಿ ಕ್ರಿಸ್ಟಿನ್ ಕ್ರೂಕ್ ಚುನ್-ಲೀ ಆದಾಗ ಗಲಾಟೆ ಜೋರಾಯಿತು. ಆಟದ ನೀಲಿ ಉಡುಪೂ ಎರಡು ಗಂಟಿನ ಕೇಶಶೈಲಿಯೂ ನಾಯಕಿಯ ನಿತ್ಯದ ವೇಷವಾಗಿರಲಿಲ್ಲ. ಚಿತ್ರ ಸೋತದ್ದು ಅದಕ್ಕೆ ಅಂತ ಹೇಳಲಾರೆ, ಅದರಲ್ಲಿ ಕೆಟ್ಟದ್ದು ಬೇಕಾದಷ್ಟಿತ್ತು.

‘ರೆಸಿಡೆಂಟ್ ಈವಿಲ್’ನ ದಾರಿಯೇ ಬೇರೆ. 2002ರಲ್ಲಿ ಪಾಲ್ ಆಂಡರ್ಸನ್ ಆ ಭೂತಬಂಗಲೆಯ ಆಟವನ್ನು ಚಿತ್ರ ಮಾಡಿದಾಗ ಆಟದ ಜಿಲ್ ವ್ಯಾಲೆಂಟೈನ್, ಕ್ಲೇರ್ ರೆಡ್‌ಫೀಲ್ಡ್ ಇಬ್ಬರನ್ನೂ ಬದಿಗಿಟ್ಟು ಆಲಿಸ್ ಎಂಬ ಹೊಸಬಳನ್ನು ತಂದು ಮಿಲಾ ಯೊವೊವಿಚ್ ಕೈಗೆ ಒಪ್ಪಿಸಿದರು. ಆಟದವರು ಕುದಿದರು. ಎರಡನೆಯ ಚಿತ್ರದಲ್ಲಿ ಸಿಯೆನಾ ಗಿಲರಿ ಆಟದ ಜಿಲ್‌ಳ ತದ್ರೂಪಿನಂತೆ, ಅದೇ ನೀಲಿ ಮೇಲಂಗಿಯಲ್ಲಿ ಬಂದಾಗ ಶಿಳ್ಳೆ ಹೊಡೆದರು. ಆದರೆ ಆ ತದ್ರೂಪಿನ ಜಿಲ್‌ಗೆ ಚಿತ್ರದಲ್ಲಿ ಮಾಡಲು ಕೆಲಸವೇ ಹೆಚ್ಚಿರಲಿಲ್ಲ, ಎಲ್ಲವನ್ನೂ ಆಲಿಸ್ ಮಾಡಿ ಮುಗಿಸುತ್ತಿದ್ದಳು. ಆರು ಚಿತ್ರಗಳು ಒಟ್ಟು 120 ಕೋಟಿ ಡಾಲರ್ ದಾಟಿದವು. ಆಲಿಸ್‌ಗೆ ಆಟದಲ್ಲಿ ಮುಖವಿಲ್ಲದ್ದರಿಂದ ಯೊವೊವಿಚ್‌ರನ್ನು ಜೋಡಿಚಿತ್ರದಲ್ಲಿ ನಿಲ್ಲಿಸಿ ಅಣಕಿಸಲು ಆಗಲಿಲ್ಲ. 2024ರಲ್ಲಿ ‘ಫಾಲ್‌ಔಟ್’ ಸರಣಿ ಇದೇ ಉಪಾಯ ಮಾಡಿತು. ಎಲಾ ಪರ್ನೆಲ್ ಮಾಡಿದ ಲೂಸಿ ಆ ಲೋಕದಲ್ಲಿ ಹೊಸದಾಗಿ ಹುಟ್ಟಿದವಳು, ಹಾಗಾಗಿ ಆಕೆಯ ಮೂಗು ಕಣ್ಣಿನ ಗೋಜಿಗೆ ಯಾರೂ ಹೋಗಲಿಲ್ಲ. ಅಭಿಮಾನಿಗಳು ಜಗಳವಾಡಿದ್ದು ಶಾಲೆಯ ಕಪ್ಪುಹಲಗೆಯ ಮೇಲೆ ಬರೆದಿದ್ದ 2277 ಎಂಬ ಇಸವಿಯ ಬಗ್ಗೆ, ಅದು ಹಳೆಯ ಆಟದ ಕಾಲಗಣನೆಗೆ ಹೊಂದುತ್ತದೋ ಇಲ್ಲವೋ ಎಂದು. ನೋಡಲು ಸುಂದರವಾದ ಜಗಳ ಅದು. ಪಂಚಾಂಗದವರ ಜಗಳದಷ್ಟೇ ಶ್ರದ್ಧೆಯದು.

ಇಡೀ ಪ್ರಶ್ನೆ ಅತ್ಯಂತ ಸಿಕ್ಕಾಗಿ ಕಾಣುವುದು ‘ದ ಲಾಸ್ಟ್ ಆಫ್ ಅಸ್’ನಲ್ಲಿ. ನಾಟಿ ಡಾಗ್ ಸ್ಟುಡಿಯೋ 2013ರಲ್ಲಿ ಹೊರತಂದ ಈ ಆಟದಲ್ಲಿ ಎಲಿ ಹದಿನಾಲ್ಕರ ಅನಾಥೆ. ಜೋಯಲ್ ಎಂಬ ನಡುವಯಸ್ಸಿನ ಗಂಡಸಾಗಿ ನಾವು ಆಕೆಯನ್ನು ಕಾಯುತ್ತಾ ಅಮೆರಿಕ ದಾಟುತ್ತೇವೆ. ಚಳಿಗಾಲದ ಅಧ್ಯಾಯ ಬಂದಾಗ ಜೋಯಲ್ ಗಾಯಗೊಂಡು ಮಲಗುತ್ತಾನೆ, ಆಟ ಸದ್ದಿಲ್ಲದೆ ನಮ್ಮನ್ನು ಎಲಿಯ ಮೈಯೊಳಗೆ ಕೂರಿಸುತ್ತದೆ. ಆಶ್ಲಿ ಜಾನ್ಸನ್ ದನಿ ಮತ್ತು ಅಭಿನಯ ಎರಡನ್ನೂ ಕೊಟ್ಟ ಪಾತ್ರವಿದು, ಬಾಫ್ಟಾ ಪ್ರಶಸ್ತಿ ತಂದುಕೊಟ್ಟದ್ದು. 2021ರ ಫೆಬ್ರುವರಿಯಲ್ಲಿ ಎಚ್‌ಬಿಒ ಈ ಪಾತ್ರಕ್ಕೆ ಹದಿನೇಳರ ಬೆಲ್ಲಾ ರ‍್ಯಾಮ್ಸೆ ಹೆಸರು ಹೇಳಿದ ದಿನದಿಂದ ‘ಮುಖ ಹೊಂದುವುದಿಲ್ಲ’ ಎಂಬ ದೂರು ನಿಂತಿಲ್ಲ.

ಹೊಂದಬೇಕಾದ ಮುಖವಾದರೂ ಯಾವುದು? ಎಲಿಯ ಮೊದಲ ರೂಪ ನಟ ಎಲಿಯಟ್ ಪೇಜ್ ಅವರ ಆಗಿನ ಚಹರೆಯನ್ನು ಹೋಲುತ್ತದೆ ಎಂದು ಎಲ್ಲರೂ ಗುರುತಿಸಿದ್ದರು. 2012ರಲ್ಲಿ ಸ್ಟುಡಿಯೋ ಮುಖ ಬದಲಿಸಿ, ಆಶ್ಲಿ ಜಾನ್ಸನ್‌ಗೆ ಹತ್ತಿರವಾಗುವಂತೆ, ಇನ್ನೂ ಎಳೆಯದಾಗಿ ಕಾಣುವಂತೆ ತಿದ್ದಿತು. ಅಭಿಮಾನಿಗಳು ಪ್ರಾಣಪ್ರತಿಷ್ಠೆ ಮಾಡಿ ಕೂರಿಸಿದ ಮುಖವೇ ತಿದ್ದುಪಡಿಯಾದ ಎರಡನೆಯ ಮುಖ.

2023ರ ಜನವರಿಯಲ್ಲಿ ಸರಣಿ ಶುರುವಾದಾಗ ಗಾಳಿ ತಿರುಗಿತು. ಮೊದಲ ಕಂತನ್ನು ಅಮೆರಿಕದಲ್ಲಿ ಅಂದು ರಾತ್ರಿ ನೋಡಿದವರು 47 ಲಕ್ಷ, ಕೊನೆಯ ಕಂತಿಗೆ 82 ಲಕ್ಷ. ರ‍್ಯಾಮ್ಸೆ ಎಲಿಯ ಚೇಷ್ಟೆ, ಕೋಪ, ತಬ್ಬಲಿತನಗಳನ್ನು ಹಿಡಿದ ಬಗೆಗೆ ಎಮ್ಮಿ ನಾಮನಿರ್ದೇಶನ ಬಂತು. ಕೊನೆಯ ಕಂತಿನಲ್ಲಿ ಎಲಿಯನ್ನು ಹೆತ್ತು ಸಾಯುವ ತಾಯಿಯ ಪಾತ್ರ ಮಾಡಿದವರು ಸ್ವತಃ ಆಶ್ಲಿ ಜಾನ್ಸನ್. ಹಳೆಯ ಎಲಿ ಹೊಸ ಎಲಿಯನ್ನು ಹೆರುವುದು! ಆಡಿದವರಿಗೆ ಮಾತ್ರ ಪೂರ್ತಿ ದಕ್ಕುವ ದೃಶ್ಯ. ಅಭಿಮಾನಿಗಳನ್ನು ಗೌರವಿಸುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

2025ರ ಎರಡನೆಯ ಭಾಗದಲ್ಲಿ ಮತ್ತೆ ಬೆಂಕಿ. ಕಥೆ ಐದು ವರ್ಷ ಮುಂದೆ ಹೋಗಿತ್ತು, ಎಲಿಗೆ ಹತ್ತೊಂಬತ್ತು. ರ‍್ಯಾಮ್ಸೆ ಆ ವಯಸ್ಸು ದಾಟಿದ್ದರೂ ತೆರೆಯ ಮೇಲೆ ಹಾಗೆ ಕಾಣುತ್ತಿಲ್ಲ, ಸೇಡಿಗೆ ಹೊರಟವಳ ಗಡಸುತನ ಇಲ್ಲ ಎಂಬ ಟೀಕೆ ಬಂತು. ಇದರಲ್ಲಿ ಎರಡು ಎಳೆಗಳಿವೆ, ಬಿಡಿಸಲೇಬೇಕು. ಆಟದ ಎಲಿ ಎರಡನೆಯ ಭಾಗದಲ್ಲಿ ಮಾತು ಕಳೆದುಕೊಂಡು ಒಳಗೊಳಗೇ ಕೊಳೆಯುತ್ತಾಳೆ. ಸರಣಿಯ ಎಲಿ ತಮಾಷೆ ಮಾಡುತ್ತಾಳೆ, ತಡವರಿಸುತ್ತಾಳೆ, ಯೋಜನೆ ಹಾಕಲು ಇನ್ನೊಬ್ಬರನ್ನು ನೆಚ್ಚುತ್ತಾಳೆ. ಇದು ನನಗೂ ಸರಿಕಾಣಲಿಲ್ಲ. ಆದರೆ ಇದು ಬರವಣಿಗೆಯ ತೀರ್ಮಾನ, ಕ್ರೇಗ್ ಮೇಝಿನ್ ಮತ್ತು ನೀಲ್ ಡ್ರಕ್‌ಮನ್ ಮೇಜಿನ ಮೇಲೆ ಆದದ್ದು. ಇನ್ನೊಂದು ಎಳೆ ರ‍್ಯಾಮ್ಸೆಯ ಹಣೆ, ಗಲ್ಲ, ದೇಹವನ್ನು ಚಿತ್ರವಿಚಿತ್ರವಾಗಿ ತಿರುಚಿ ಹಂಚಿದ್ದು. ತಾವು ಗಂಡು–ಹೆಣ್ಣು ಎಂಬ ಎರಡು ಚೌಕಟ್ಟಿಗೂ ಸೇರದವರು ಎಂದು ಅವರು ಹೇಳಿಕೊಂಡದ್ದನ್ನು ಇದಕ್ಕೆ ಗಂಟುಹಾಕಿದ್ದು. ಇದಕ್ಕೆ ವಿಮರ್ಶೆಯ ಹೆಸರಿಲ್ಲ. ರ‍್ಯಾಮ್ಸೆ ಸಾಮಾಜಿಕ ಜಾಲತಾಣಗಳಿಂದ ಹೊರನಡೆದರು. ಸರಣಿ ಇಷ್ಟವಾಗದವರು ಆಟವನ್ನೇ ಮತ್ತೆ ಆಡಬಹುದಲ್ಲ ಎಂಬ ಅರ್ಥದ ಮಾತನ್ನೂ ಸಂದರ್ಶನವೊಂದರಲ್ಲಿ ಹೇಳಿದರು. ಅದಕ್ಕಿಂತ ಸರಳ ಉತ್ತರ ಯಾರೂ ಕೊಟ್ಟಿಲ್ಲ.

ಇದೇ ಕಥೆಯ ಆಬಿಯದು ಇನ್ನೂ ಘೋರ. ಎರಡನೆಯ ಆಟ 2020ರ ಜೂನ್‌ನಲ್ಲಿ ಬಂತು. ಅದರಲ್ಲಿ ಆಬಿ ಎಂಬವಳು ಜೋಯಲ್‌ನನ್ನು ಕೊಲ್ಲುತ್ತಾಳೆ. ಆಮೇಲೆ ಅರ್ಧ ಆಟ ಆಕೆಯಾಗಿಯೇ ಆಡುವಂತೆ ನಮ್ಮ ಕೈ ಕಟ್ಟುತ್ತಾರೆ. ಕೊಂದವಳ ಕಣ್ಣಿನಿಂದ ಲೋಕ ನೋಡಿಸುವ ಧೈರ್ಯದ ಪ್ರಯೋಗ. ಈ ಆಬಿ ಮೂವರು ಹೆಂಗಸರ ಜೋಡಣೆ: ಮುಖ ಒಬ್ಬರದು, ದೇಹಕ್ಕೆ ಮಾದರಿ ಕ್ರಾಸ್‌ಫಿಟ್ ಪಟು ಕಾಲೀನ್ ಫಾಟ್ಶ್, ದನಿ ಮತ್ತು ನಟನೆ ಲಾರಾ ಬೇಯ್ಲಿ. ಸಿಟ್ಟೆಲ್ಲ ಹೋಗಿ ಬಿದ್ದದ್ದು ಬೇಯ್ಲಿಯ ಮೇಲೆ. ಕೊಲೆ ಬೆದರಿಕೆಗಳು ಬಂದವು, ಆಕೆಯ ಎಳೆಯ ಮಗುವಿನ ಹೆಸರೆತ್ತಿಯೂ ಬಂದವು. 2020ರ ಜುಲೈನಲ್ಲಿ ಅವನ್ನು ಆಕೆಯೇ ಲೋಕದ ಮುಂದಿಟ್ಟರು. ಸರಣಿಯಲ್ಲಿ ಆಬಿಯಾಗಲು ಕೇಟ್ಲಿನ್ ಡೆವರ್ ಒಪ್ಪಿಕೊಂಡಾಗ ಚಿತ್ರೀಕರಣದ ಜಾಗದಲ್ಲಿ ಆಕೆಗೆ ಹೆಚ್ಚುವರಿ ಭದ್ರತೆ ಒದಗಿಸಬೇಕಾಯಿತು ಎಂದು ಸಹನಟಿ ಇಸಬೆಲಾ ಮರ್ಸೆಡ್ ಹೇಳಿದ್ದಾರೆ. ಇಲ್ಲದ ಹೆಣ್ಣೊಬ್ಬಳು ಇಲ್ಲದ ಗಂಡಸೊಬ್ಬನನ್ನು ಕೊಂದದ್ದಕ್ಕೆ!

ಆಬಿಯ ತೋಳಿನ ಕಥೆಯನ್ನು ಬಿಡುವಂತಿಲ್ಲ. ಆಟ ಬಂದಾಗ ‘ಹೆಂಗಸಿಗೆ ಇಂಥ ತೋಳು ಇರುತ್ತದೆಯೇ, ಇವಳು ಗಂಡಸು’ ಎಂದು ಅಣಕಿಸಿದರು. ಮಾದರಿಯಾದ ಪಟು ಕಣ್ಣಮುಂದೆ ಇದ್ದರೂ ನಂಬಲಿಲ್ಲ. ಸಪೂರ ಮೈಯ ಡೆವರ್ ಬಂದಾಗ ‘ಆಬಿಯ ತೋಳು ಎಲ್ಲಿ’ ಎಂದು ಕೇಳಿದರು. ಆಟದಲ್ಲಿ ಎಲಿಗೂ ಆಬಿಗೂ ಹೊಡೆದಾಟದ ಬಗೆ ಬೇರೆಯಾಗಿ ಕಾಣಬೇಕಿತ್ತು, ತೆರೆಯ ಮೇಲೆ ಆ ಅಗತ್ಯವಿಲ್ಲ ಎಂದು ಡ್ರಕ್‌ಮನ್ ವಿವರಿಸಿದರು. ಅರ್ಧ ಒಪ್ಪಬಹುದಾದ ವಿವರಣೆ. ಸೇಡಿಗಾಗಿ ವರ್ಷಗಟ್ಟಲೆ ದೇಹವನ್ನು ಆಯುಧದಂತೆ ಕಟ್ಟಿದವಳು ಎಂಬುದು ಆಬಿಯ ಕಥೆಯ ಭಾಗವೇ ಆಗಿತ್ತು. ಅದು ಹೋದದ್ದು ನಷ್ಟ. ಡೆವರ್ ಅದನ್ನು ಕಣ್ಣಿನಲ್ಲಿ ತುಂಬಿಕೊಟ್ಟರು ಎನ್ನುವುದು ಬೇರೆ ಮಾತು. ಇನ್ನೊಂದು ಸಂಗತಿ: ಅನೇಕ ಅಭಿಮಾನಿಗಳು ಬಹುಕಾಲದಿಂದ ಎಲಿಯ ಪಾತ್ರಕ್ಕೆ ಬಯಸಿದ್ದವರು ಇದೇ ಡೆವರ್. ಬೇಡಿದ ನಟಿಯನ್ನೇ ಕೊಟ್ಟರೂ ಬೇಡದ ಪಾತ್ರಕ್ಕೆ ಕೊಟ್ಟರೆಂದು ಮುನಿಸು.

ಬಣ್ಣ, ಜನಾಂಗದ ವಿಷಯಕ್ಕೆ ಬಂದರೆ ಕನ್ನಡಿಗರು ಕಿವಿ ನಿಮಿರಿಸಬೇಕಾದ ಪ್ರಕರಣವೊಂದಿದೆ. 2017ರ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಆಟ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ನಾಯಕಿ ಕ್ಲೋಯಿ ಫ್ರೇಝರ್, ತಂದೆ ಭಾರತೀಯ, ತಾಯಿ ಆಸ್ಟ್ರೇಲಿಯಾದವಳು. ಆಕೆ ಹುಡುಕಿಕೊಂಡು ಬರುವುದು ಹೊಯ್ಸಳರ ಕಾಲದ ಗಣೇಶನ ದಂತವನ್ನು. ಹಳೇಬೀಡು, ಬೇಲೂರು ಎಂಬ ಹೆಸರುಗಳು ಪರದೆಯ ಮೇಲೆ ಬರುತ್ತವೆ. ಕೋಟ್ಯಂತರ ರೂಪಾಯಿಯ ಜಾಗತಿಕ ಆಟವೊಂದರಲ್ಲಿ ಹಾಸನ ಜಿಲ್ಲೆ! ಆದರೆ ಈ ಅರ್ಧ ಭಾರತೀಯ ನಾಯಕಿಗೆ ದನಿ ಕೊಟ್ಟವರು ಬಿಳಿಯ ಆಸ್ಟ್ರೇಲಿಯನ್ ನಟಿ ಕ್ಲಾಡಿಯಾ ಬ್ಲ್ಯಾಕ್. ಜೊತೆಗಾರ್ತಿ, ದಕ್ಷಿಣ ಆಫ್ರಿಕಾದ ಕರಿಯ ಹೆಣ್ಣು ನೇಡೀನ್ ರಾಸ್‌ಗೆ ದನಿ ಕೊಟ್ಟವರು ಮೇಲೆ ಹೇಳಿದ ಲಾರಾ ಬೇಯ್ಲಿ. ಇದನ್ನು ಪ್ರಶ್ನಿಸಿದ ಅಭಿಮಾನಿಗಳ ತಕರಾರಿನಲ್ಲಿ ತೂಕವಿತ್ತು. ಕ್ಲೋಯಿ 2009ರಲ್ಲಿ ಮೊದಲು ಬಂದಾಗಿನಿಂದ ಬ್ಲ್ಯಾಕ್‌ರದೇ ದನಿ, ಭಾರತದ ನಂಟು ಗಟ್ಟಿಯಾದದ್ದು ಆಮೇಲೆ ಎಂಬ ಸಮರ್ಥನೆಯಲ್ಲೂ ಅಷ್ಟಿಷ್ಟು ಅರ್ಥವಿದೆ. 2022ರ ‘ಅನ್‌ಚಾರ್ಟೆಡ್’ ಚಿತ್ರದಲ್ಲಿ ಈ ಕ್ಲೋಯಿಯಾದವರು ಸೋಫಿಯಾ ಅಲಿ, ಪಾಕಿಸ್ತಾನಿ ಮೂಲದ ತಂದೆಯ ಮಗಳು. ದನಿಯಲ್ಲಿ ಆದ ಕೊರತೆಯನ್ನು ಚಿತ್ರ ತುಂಬಿಕೊಂಡಿತು ಎನ್ನಬೇಕು. ಆ ಚಿತ್ರದ ವಿಷಯದಲ್ಲಿ ಜನ ರೇಗಿದ್ದು ಹೆಚ್ಚಾಗಿ ನಾಯಕ ಟಾಮ್ ಹಾಲಂಡ್‌ರ ಎಳಸು ಮುಖದ ಮೇಲೆ. ಇಲ್ಲಿ ಕೂತ ನಮಗೆ ಆಟದಲ್ಲಿ ಕಾಣುವ ಕೊರತೆಯೇ ಬೇರೆ: ಬಳಪದ ಕಲ್ಲಿನಲ್ಲಿ ಕುಸುರಿ ಕೆತ್ತಿದ ಹೊಯ್ಸಳರನ್ನು, ಬೆಟ್ಟದೆತ್ತರದ ಮೂರ್ತಿಗಳನ್ನು ನಿಲ್ಲಿಸಿದವರಂತೆ ತೋರಿಸಿದ್ದು. ನಕ್ಷತ್ರಾಕಾರದ ಜಗತಿಯ ಮೇಲೆ ನಿಂತ ಆ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆಟ ಮಾಡಿದವರು ಒಮ್ಮೆ ಬೇಲೂರಿಗೆ ಬಂದಿದ್ದರೆ ಚೆನ್ನಾಗಿತ್ತು.

2021ರ ‘ರೆಸಿಡೆಂಟ್ ಈವಿಲ್: ವೆಲ್ಕಮ್ ಟು ರಕೂನ್ ಸಿಟಿ’ಯಲ್ಲಿ ಹಾನಾ ಜಾನ್-ಕಾಮೆನ್ ಜಿಲ್ ವ್ಯಾಲೆಂಟೈನ್ ಆದಾಗ ಬಂದ ಮಾತುಗಳಲ್ಲಿ ಹೋಲಿಕೆಯ ದೂರು ಯಾವುದು, ಚರ್ಮದ ಬಣ್ಣದ ಅಸಹನೆ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗಿತ್ತು. ‘ಆಟಕ್ಕೆ ನಿಷ್ಠೆ’ ಎಂಬ ಮಾತು ಎಷ್ಟೋ ಸಲ ಮುಸುಕು. ಮುಸುಕನ್ನು ತೆಗೆದು ತೋರಿಸುವ ಉದಾಹರಣೆ ನಟಿ ಟಾಟಿ ಗೇಬ್ರಿಯೆಲ್. 2024ರ ಡಿಸೆಂಬರ್‌ನಲ್ಲಿ ನಾಟಿ ಡಾಗ್ ‘ಇಂಟರ್‌ಗ್ಯಾಲಕ್ಟಿಕ್’ ಎಂಬ ಹೊಸ ಆಟದ ಟ್ರೇಲರ್ ಬಿಟ್ಟಿತು. ನಾಯಕಿ ಜೋರ್ಡನ್ ಎ. ಮುನ್, ತಲೆ ಬೋಳು; ಮುಖ, ದನಿ, ಅಭಿನಯ ಗೇಬ್ರಿಯೆಲ್‌ರದು. ಇಲ್ಲಿ ಹಳೆಯ ಆಟವಿಲ್ಲ, ಹಳೆಯ ಮುಖವಿಲ್ಲ, ನಿಷ್ಠೆಯ ಪ್ರಶ್ನೆಯೇ ಏಳುವುದಿಲ್ಲ. ಆದರೂ ಬೈಗುಳದ ಮಳೆ ಸುರಿಯಿತು. ಬೋಳುತಲೆಯ, ನಗದ, ಯಾರನ್ನೂ ಓಲೈಸದ ಹೆಣ್ಣು ನಾಯಕಿಯಾಗುವುದೇ ತಕರಾರು ಎಂದು ಬಾಯಿಬಿಟ್ಟು ಹೇಳಿದಂತಾಯಿತು.

ದನಿಯ ವಿಷಯದಲ್ಲಿ ಅಭಿಮಾನಿಗಳು ಇನ್ನಷ್ಟು ಸೂಕ್ಷ್ಮ, ಮತ್ತು ನನ್ನ ಮಟ್ಟಿಗೆ ಇನ್ನಷ್ಟು ನ್ಯಾಯವಂತರು. ‘ಹೇಲೋ’ ಸರಣಿಯ ಕೊರ್ಟಾನಾ ಪಾತ್ರಕ್ಕೆ ಮೊದಲು ನತಾಶಾ ಮೆಕೆಲ್ಹೋನ್ ಗೊತ್ತಾಗಿದ್ದರು. ಕೋವಿಡ್‌ನಿಂದ ವೇಳಾಪಟ್ಟಿ ಕೆಟ್ಟು, ಆಟಗಳಲ್ಲಿ ಮೊದಲಿಂದ ಆ ದನಿಯಾಗಿದ್ದ ಜೆನ್ ಟೇಲರ್ ಮರಳಿದಾಗ ಸಂಭ್ರಮಿಸಿದರು. 2025ರಲ್ಲಿ ಹಳೆಯ ‘ಟೂಮ್ ರೇಡರ್’ ಆಟಗಳ ಪರಿಷ್ಕೃತ ಆವೃತ್ತಿಯಲ್ಲಿ ಫ್ರೆಂಚ್ ಲಾರಾಳ ಕೆಲವು ಮಾತುಗಳು ಯಾಂತ್ರಿಕವಾಗಿ ಕೇಳುತ್ತವೆ ಎಂದು ಮೊದಲು ಪತ್ತೆಹಚ್ಚಿದವರು ಆಟಗಾರರೇ. 1996ರಿಂದ ಆ ದನಿ ಕೊಡುತ್ತಿದ್ದ ಫ್ರಾನ್ಸ್ವಾಜ್ ಕಾಡೋಲ್ ಕಾನೂನಿನ ಮೆಟ್ಟಿಲು ಹತ್ತಲು ಸಿದ್ಧರಾದರು. ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ದನಿ ಸೇರಿಹೋಗಿದೆ ಎಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿ ಅದನ್ನು ತೆಗೆಯಿತು. ನಟಿಯ ಬೆನ್ನಿಗೆ ನಿಂತ ಅಭಿಮಾನ ಹೀಗಿರುತ್ತದೆ. ನಟಿಯರನ್ನು ಹರಿದು ತಿನ್ನುವ ಗುಂಪಿನಷ್ಟು ಸದ್ದು ಇದಕ್ಕೆ ಇರುವುದಿಲ್ಲ, ಅಷ್ಟೆ.

ನಿರ್ಮಾಪಕರು ಈ ಸದ್ದನ್ನು ಕೇಳಿಸಿಕೊಳ್ಳುತ್ತಾರೆಯೇ? ಕೇಳಿಸಿಕೊಳ್ಳುತ್ತಾರೆ. 2019ರಲ್ಲಿ ‘ಸೋನಿಕ್’ ಟ್ರೇಲರಿನ ಮುಳ್ಳುಹಂದಿಗೆ ಮನುಷ್ಯರ ಹಲ್ಲು ಇಟ್ಟಿದ್ದನ್ನು ಕಂಡು ಜನ ಹೌಹಾರಿದಾಗ ಬಿಡುಗಡೆಯನ್ನೇ ಮುಂದೂಡಿ ರೂಪ ತಿದ್ದಿದರು. ಅದು ಒಳ್ಳೆಯದೇ ಆಯಿತು. ಆದರೆ ಗ್ರಾಫಿಕ್ಸ್ ಮುಳ್ಳುಹಂದಿಯ ಹಲ್ಲು ಕೀಳಿಸಿದ ಹಾಗೆ ಮನುಷ್ಯರ ಮುಖ ತಿದ್ದಿಸಲಾಗದು ಎಂಬ ವಿವೇಕ ಆ ಗೆಲುವಿನ ಅಮಲಿನಲ್ಲಿ ಕೆಲವರಿಗೆ ಮರೆತುಹೋಯಿತು.

2024ರ ‘ಬಾರ್ಡರ್‌ಲ್ಯಾಂಡ್ಸ್’ನಲ್ಲಿ ಅಭಿಮಾನಿಗಳೇ ಗೆದ್ದರು ಎನ್ನುವವರಿದ್ದಾರೆ. ಎರಡು ಆಸ್ಕರ್‌ಗಳ ಕೇಟ್ ಬ್ಲಾಂಚೆಟ್ ಐವತ್ತು ದಾಟಿದ ವಯಸ್ಸಿನಲ್ಲಿ ಆಟದ ತರುಣಿ ಲಿಲಿತ್ ಆದಾಗ ಬೇಡವೆಂದಿದ್ದರು. 11 ಕೋಟಿ ಡಾಲರ್‌ಗೂ ಹೆಚ್ಚು ನುಂಗಿದ ಚಿತ್ರ ತಂದದ್ದು ಮೂರೂವರೆ ಕೋಟಿಯೂ ಅಲ್ಲ. ಚಿತ್ರವನ್ನು ಕೂತು ನೋಡಿದರೆ ಬ್ಲಾಂಚೆಟ್ ಒಬ್ಬರೇ ಅಲ್ಲಿ ಏನೋ ಮಾಡಲು ಒದ್ದಾಡುತ್ತಿರುವುದು ಕಾಣುತ್ತದೆ. ಸೋತದ್ದು ಚಿತ್ರಕಥೆ, ಬದಲಾಗುತ್ತಲೇ ಇದ್ದ ಬರಹಗಾರರು, ಮತ್ತೆ ಮಾಡಿದ ಚಿತ್ರೀಕರಣ. ಇಪ್ಪತ್ತೆರಡರ ನಟಿ ಇದ್ದಿದ್ದರೂ ಅದೇ ಗತಿ.

ಸಿಟ್ಟಿಗೆ ಈಗ ವ್ಯಾಪಾರವೂ ಅಂಟಿಕೊಂಡಿದೆ. ಪಾತ್ರವರ್ಗ ಪ್ರಕಟವಾದ ಗಂಟೆಯೊಳಗೆ ‘ಲಾರಾಳನ್ನು ಕೊಂದರು’ ಎಂಬಂಥ ತಲೆಬರಹದ ಯೂಟ್ಯೂಬ್ ವಿಡಿಯೊ ಹಾಕಿದವರಿಗೆ ವೀಕ್ಷಣೆ, ವೀಕ್ಷಣೆಗೆ ಹಣ. ಎರಡನೆಯ ‘ಲಾಸ್ಟ್ ಆಫ್ ಅಸ್’ ಆಟ ಮಾರುಕಟ್ಟೆಗೆ ಬಂದ ಕೆಲವೇ ಗಂಟೆಗಳಲ್ಲಿ ಮೆಟಾಕ್ರಿಟಿಕ್ ತಾಣದಲ್ಲಿ ಸಾವಿರಾರು ಸೊನ್ನೆ ಅಂಕಗಳು ಬಿದ್ದಿದ್ದವು. ಆಟ ಮುಗಿಸಲು ಬೇಕಾದ ಸಮಯವೇ ಇಪ್ಪತ್ತು ಗಂಟೆಗೂ ಹೆಚ್ಚು. ಮರುತಿಂಗಳು ಆ ತಾಣ, ಆಟ ಬಂದ 36 ಗಂಟೆಗಳವರೆಗೆ ಸಾರ್ವಜನಿಕರು ಅಂಕ ಹಾಕುವಂತಿಲ್ಲ ಎಂಬ ನಿಯಮ ತಂದಿತು. ಈ ಇಡೀ ಚರಿತ್ರೆಯಲ್ಲಿ ಯಾರಾದರೂ ಮಾಡಿದ ಅತ್ಯಂತ ವ್ಯಾವಹಾರಿಕ ಕೆಲಸ ಇದು.

ಇಷ್ಟನ್ನೆಲ್ಲ ಜೋಡಿಸಿ ನೋಡಿದರೆ, ಹೆಸರು ಪ್ರಕಟವಾದ ದಿನ ಎದ್ದ ಕೂಗಿಗೂ ಪಾತ್ರ ಕೊನೆಗೆ ಮೂಡಿಬಂದ ಬಗೆಗೂ ಸಂಬಂಧ ಸಿಗುವುದಿಲ್ಲ. ಜೋಲಿಯನ್ನು ಬೇಡವೆಂದು ಗೊಣಗಿದ ಲೋಕವೇ ವಿಕಾಂಡರ್‌ರನ್ನು ಬೈಯಲು ಜೋಲಿಯನ್ನು ಅಳತೆಗೋಲು ಮಾಡಿಕೊಂಡಿತು. ಟರ್ನರ್‌ರನ್ನು ಬೈಯುವವರು ವಿಕಾಂಡರ್‌ರನ್ನು ಹಾಗೆ ಬಳಸುವ ದಿನವೂ ದೂರವಿಲ್ಲ. ಚಡ್ಡಿ, ಎರಡು ಪಿಸ್ತೂಲು, ಜಡೆಯ ಉದ್ದಗಳ ಲೆಕ್ಕವನ್ನು ವೇಷಭೂಷಣದವರಿಗೆ ಬಿಡಬಹುದು. ಲಾರಾ ಏಕೆ ಗೋರಿಗಳಿಗೆ ಇಳಿಯುತ್ತಾಳೆ, ಯಾರದೋ ದೇಶದ ನಿಧಿಯನ್ನು ಎತ್ತಿಕೊಂಡು ಹೋಗುವ ಹಕ್ಕು ಆಕೆಗೆ ಯಾರು ಕೊಟ್ಟರು, ಇಪ್ಪತ್ತೊಂದನೆಯ ಶತಮಾನದ ಲಾರಾ ಅದಕ್ಕೆ ಏನು ಉತ್ತರ ಕೊಡುತ್ತಾಳೆ ಎಂಬ ಪ್ರಶ್ನೆಗಳನ್ನು ಹೊಸ ಸರಣಿಯ ಬರಹಗಾರರ ಮುಂದೆ ಇಡಬೇಕಾದವರು ಅಭಿಮಾನಿಗಳೇ. ಆ ಆಟವನ್ನು ಅವರಷ್ಟು ಬಲ್ಲವರು ಬೇರೆ ಇಲ್ಲ. ಸರಣಿ ನೋಡಿ, ಹಿಡಿಸದಿದ್ದರೆ ಬೈಯಿರಿ. ಬೈಯುವ ಮೊದಲು ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ, ಆ ತಪ್ಪು ಯಾರ ಹೆಸರಿನ ಮುಂದಿದೆಯೋ ಅವರನ್ನೇ ಬೈಯಿರಿ.